ತೂಕ ಇಳಿಸೋಕೆ ಭೇದಿ ಮಾತ್ರೆ ನುಂಗಬಹುದಾ?

ಆಯ್ಕೆ ಪಂದ್ಯಗಳು ಹತ್ತಿರ ಬಂದವೆಂದರೆ ದಾವಣಗೆರೆಯ ಗರಡಿ ಹುಡುಗರ ಪ್ರಶ್ನೆ ಶುರು: "ಸರ್, ನಾಳೆ ಮುಂಜಾನೆ ತೂಕ ಐತಿ, ಒಂದೂವರೆ ಕೆ.ಜಿ. ಜಾಸ್ತಿ ಇದೀನಿ. ರಾತ್ರಿ ಎರಡು ಭೇದಿ ಮಾತ್ರೆ ನುಂಗಿದ್ರೆ ಇಳಿಯಲ್ವಾ?" ಮದುವೆಗೆ ಮುಂಚೆ ಸಣ್ಣಗಾಗಬೇಕು ಅನ್ನುವವರು ಇದನ್ನೇ 'ಸ್ಲಿಮ್ಮಿಂಗ್ ಟೀ' ಹೆಸರಲ್ಲಿ ಕೇಳುತ್ತಾರೆ. ಆ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಸೋನಾಮುಖಿ ಅಂತ ಇದ್ದರೆ ಅದೂ ಭೇದಿ ಮದ್ದೇ.

ತೂಕ ಇಳಿಯುತ್ತದೆ, ನಿಜ. ಇಳಿಯುವುದು ನೀರು.

ತಿಂದದ್ದರ ಸತ್ವ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಭೇದಿ ಮಾತ್ರೆಯಲ್ಲಿರುವ ಬಿಸಾಕೋಡಿಲ್ ಎಂಬ ಮದ್ದು, ಸೋನಾಮುಖಿ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಊಟ ಅಲ್ಲಿಗೆ ಮುಟ್ಟುವಷ್ಟರಲ್ಲಿ ಉಳಿದಿರುವುದು ಬಹುಪಾಲು ನಾರು, ನೀರು, ಲವಣ. ಬೆಣ್ಣೆ ದೋಸೆ ತಿಂದು ಮಾತ್ರೆ ನುಂಗಿದರೆ ಬೆಣ್ಣೆ ಮೈಗೆ, ನೀರು ಪಾಯಿಖಾನೆಗೆ. 1983ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಇದನ್ನು ಅಳೆದೇ ನೋಡಿದರು. 4ರಿಂದ 6 ಲೀಟರ್ ಭೇದಿಯಾದರೂ ಮೈಗೆ ಸೇರದೆ ಹೋದ ಕ್ಯಾಲೊರಿ ಶೇ. 12ರಷ್ಟು ಮಾತ್ರ. ಅಷ್ಟು ಭೇದಿಯಾದವರು ಅಖಾಡಕ್ಕಲ್ಲ, ಆಸ್ಪತ್ರೆಗೆ ಹೋಗಬೇಕು.

ಇನ್ನು ಹೊತ್ತಿನ ಲೆಕ್ಕ. ಬಿಸಾಕೋಡಿಲ್ ಮಾತ್ರೆ ಕೆಲಸ ಶುರುಮಾಡಲು 6ರಿಂದ 12 ಗಂಟೆ ಬೇಕು. ರಾತ್ರಿ 10ಕ್ಕೆ ನುಂಗಿದ್ದು ಬೆಳಗಿನ 4ಕ್ಕೂ ಹಿಡಿಯಬಹುದು, 10ಕ್ಕೂ ಹಿಡಿಯಬಹುದು. ಅಂದರೆ ತೂಕ ಮುಗಿದು ಮ್ಯಾಟ್ ಮೇಲೆ ನಿಂತಾಗಲೂ. ನಡುರಾತ್ರಿ ಎದ್ದು "ಇನ್ನೂ ಏನೂ ಆಗ್ಲಿಲ್ಲ" ಅಂತ ಮತ್ತೆರಡು ನುಂಗುವವರೇ ಹೆಚ್ಚು ಕೆಡುವುದು. ಹಾಲಿನ ಜೊತೆ ನುಂಗಿದರೆ ಮಾತ್ರೆಯ ಮೇಲಿನ ಲೇಪ ಜಠರದಲ್ಲೇ ಕರಗಿ ಹೊಟ್ಟೆ ನುಲಿಯುತ್ತದೆ.

ನೀರಿನ ಜೊತೆ ಹೋಗುವ ಪೊಟ್ಯಾಸಿಯಂ ನಿಜವಾದ ಅಪಾಯ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಕೆಳಗಿಳಿದಂತೆ ತೊಡೆ ಹಿಡಿದುಕೊಳ್ಳುತ್ತದೆ, ಕೈಹಿಡಿತ ಸಡಿಲಾಗುತ್ತದೆ; 2.5ಕ್ಕಿಂತ ಕಡಿಮೆಯಾದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಇದರ ಮೇಲೆ ಏಪ್ರಿಲ್ ಬಿಸಿಲಲ್ಲಿ ರಬ್ಬರ್ ಸೂಟ್ ಹಾಕಿ ಓಡಿದರೆ ಬೆವರೂ ಹೋಗುತ್ತದೆ. ಮೈಕೈ ನೋವಿಗೆ ಡೈಕ್ಲೋಫೆನಾಕ್ ಬೇರೆ ನುಂಗಿದರೆ ಒಣಗಿದ ಮೈಯಲ್ಲಿ ಏಟು ಬೀಳುವುದು ಮೂತ್ರಪಿಂಡಕ್ಕೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಆತುರದಲ್ಲಿ ಬೆವರಿಳಿಸಿ ತೂಕ ತಗ್ಗಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟನ್ನೂ ಭೇದಿ ಮದ್ದನ್ನೂ ನಿಷೇಧಿಸಿದರು.

"ತೂಕ ಆದಮೇಲೆ ಒಂದು ಗ್ಲೂಕೋಸ್ ಬಾಟ್ಲಿ ಏರಿಸ್ಕೊಂಡ್ರಾಯ್ತು" ಅನ್ನುವವರಿಗೆ: ಆಸ್ಪತ್ರೆಯ ಚಿಕಿತ್ಸೆಗಲ್ಲದೆ 12 ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ಡ್ರಿಪ್ ಹಾಕಿಸಿಕೊಂಡರೆ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಂತೆ ಅದು ಡೋಪಿಂಗ್. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಕೂಡ ನಿಷಿದ್ಧ. ಭೇದಿ ಮಾತ್ರೆ ಆ ಪಟ್ಟಿಯಲ್ಲಿಲ್ಲ, ಅದಕ್ಕೇ ಹುಡುಗರಿಗೆ ಧೈರ್ಯ. ಆದರೆ 2018ರಿಂದ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ತೂಕ ಹಾಕುವುದು ಪಂದ್ಯದ ದಿನ ಬೆಳಿಗ್ಗೆಯೇ, ಎರಡನೇ ದಿನ ಕುಸ್ತಿಯಿದ್ದರೆ ಮತ್ತೊಮ್ಮೆ. ಕಳೆದ ನೀರನ್ನು ತುಂಬಿಕೊಳ್ಳಲು ಹೊತ್ತೆಲ್ಲಿದೆ? 60 ಕೆ.ಜಿ.ಯವರು 1.2 ಲೀಟರ್ ಕಳೆದುಕೊಂಡರೆ ಅದು ದೇಹತೂಕದ ಶೇ. 2. ದಮ್ಮು ಕಟ್ಟಲು ಅಷ್ಟು ಸಾಕು. ಜಾತ್ರೆಯ ಮಟ್ಟಿ ಕುಸ್ತಿಗೆ ಕಣ್ಣಳತೆಯಲ್ಲೇ ಜೋಡಿ ಕಟ್ಟುವಲ್ಲಿ ಈ ಗೊಡವೆಯೇ ಬೇಕಿಲ್ಲ.

ಹಾಗಾದರೆ ಮಾಡುವುದೇನು? ವಾರಕ್ಕೆ ಅರ್ಧದಿಂದ ಒಂದು ಕೆ.ಜಿ.ಗಿಂತ ಹೆಚ್ಚು ಇಳಿಸಬೇಡಿ; 3 ಕೆ.ಜಿ. ಜಾಸ್ತಿ ಇದ್ದರೆ ಆರು ವಾರ ಮುಂಚೆ ಶುರುಮಾಡಿ. ಕೊನೆಯ ಎರಡು-ಮೂರು ದಿನ ರಾಗಿ ಮುದ್ದೆ, ಸೊಪ್ಪು, ಕಾಳು ಬಿಟ್ಟು ಬಿಳಿ ಅನ್ನ, ಮೊಸರು, ಮೊಟ್ಟೆ ತಿಂದರೆ ಕರುಳಿನ ಭಾರ ತಾನಾಗಿ ಅರ್ಧ ಕೆ.ಜಿ. ಆಸುಪಾಸು ತಗ್ಗುತ್ತದೆ, ನೀರು ಹೋಗುವುದಿಲ್ಲ. ಇನ್ನೂ ಬೆಳೆಯುತ್ತಿರುವ ಹುಡುಗರಿಗೆ ಇದೂ ಬೇಡ, ಮೇಲಿನ ತೂಕದ ವಿಭಾಗದಲ್ಲಿ ಆಡಿಸಿ. ಉಸ್ತಾದರು ಒಪ್ಪಲಿಕ್ಕಿಲ್ಲ, ಒಪ್ಪಿಸಬೇಕು.

ಈಗಾಗಲೇ ನುಂಗಿ ಸುಸ್ತಾಗಿದ್ದರೆ ಓಆರ್‌ಎಸ್ ಕುಡಿಯಿರಿ: ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಲೋಟಕ್ಕಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಸಾಲದು, ಅದೊಂದನ್ನೇ ನಂಬಬೇಡಿ. ಎದೆ ಡವಗುಟ್ಟಿದರೆ, ತಲೆ ತಿರುಗಿ ಬಿದ್ದರೆ, ಮೂತ್ರ ನಿಂತರೆ 108.

ತಿಂಗಳುಗಟ್ಟಲೆ ನುಂಗುತ್ತಿದ್ದವರು ಒಮ್ಮೆಲೇ ಬಿಟ್ಟರೆ ಒಂದೆರಡು ವಾರ ಕಾಲು ಊದುತ್ತದೆ, ತೂಕ ಏರುತ್ತದೆ. ದೇಹ ನೀರು ಹಿಡಿದಿಟ್ಟುಕೊಳ್ಳಲು ಕಲಿತುಬಿಟ್ಟಿರುವುದೇ ಕಾರಣ. ಅದನ್ನು ಕೊಬ್ಬು ಅಂದುಕೊಂಡು ಹೆದರಿ ಮತ್ತೆ ಮಾತ್ರೆಗೆ ಕೈಹಾಕುವವರು ಬಹಳ. ಬಿಡುವ ಮೊದಲು ವೈದ್ಯರಿಗೆ ತೋರಿಸಿ ರಕ್ತದಲ್ಲಿ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿ. ಉಂಡಕೂಡಲೇ ತಪ್ಪು ಮಾಡಿದಂತಾಗಿ ಮಾತ್ರೆ ಹುಡುಕುವಂತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.