ನಿಕ್ ಡ್ರೇಕ್‌ನ ಮೊದಲ ಆಲ್ಬಂ: ಗಿಟಾರಿನ ಪಕ್ಕ ಪಿಟೀಲು ಕೂರಿಸುವ ಕೆಲಸ

'ಫೈವ್ ಲೀವ್ಸ್ ಲೆಫ್ಟ್' 1969ರಲ್ಲಿ ಬಂದಾಗ ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್‌ಗೆ 21 ವರ್ಷ. ಹತ್ತು ಹಾಡು, ಸುಮಾರು 42 ನಿಮಿಷ. ಗಿಟಾರ್ ಹಿಡಿದು ಒಬ್ಬನೇ ಹಾಡುವವನ ಹಿಂದೆ ಆರ್ಕೆಸ್ಟ್ರಾ ಹೇಗಿರಬೇಕು ಎಂಬ ಮಾತು ಬಂದಾಗಲೆಲ್ಲ ಈ ಆಲ್ಬಂನ ಹೆಸರು ಬರುತ್ತದೆ. ಆದರೆ ಒಂದೊಂದೇ ಹಾಡು ಬಿಡಿಸಿ ಕೇಳಿದರೆ, ಕಾಗದದ ಮೇಲೆ ಬರೆದ ವಾದ್ಯಮೇಳ ಇರುವುದು ಐದರಲ್ಲಿ ಮಾತ್ರ: 'ರಿವರ್ ಮ್ಯಾನ್', 'ವೇ ಟು ಬ್ಲೂ', 'ಡೇ ಈಸ್ ಡನ್', 'ದಿ ಥಾಟ್ಸ್ ಆಫ್ ಮೇರಿ ಜೇನ್', 'ಫ್ರೂಟ್ ಟ್ರೀ'. ಉಳಿದವು ತೀರಾ ಸಣ್ಣ ಮೇಳ. 'ತ್ರೀ ಅವರ್ಸ್'ನಲ್ಲಿ ಡಬಲ್ ಬೇಸ್ ಮತ್ತು ಕಾಂಗಾ, 'ಚೆಲ್ಲೊ ಸಾಂಗ್'ನಲ್ಲಿ ಅವುಗಳ ಜತೆಗೆ ಒಂದೇ ಒಂದು ಚೆಲ್ಲೊ, 'ಸ್ಯಾಟರ್ಡೇ ಸನ್'ನಲ್ಲಿ ಪಿಯಾನೊ ಮತ್ತು ವೈಬ್ರಾಫೋನ್. ಇಡೀ ಆಲ್ಬಂ ಆರ್ಕೆಸ್ಟ್ರಾದಿಂದ ತುಂಬಿದೆ ಎಂಬ ನೆನಪು ಉಳಿಯುವುದಕ್ಕೆ ಆ ಐದು ಹಾಡುಗಳ ಬರವಣಿಗೆಯೇ ಕಾರಣ.

ತನ್ನ ಹಾಡಿಗೆ ಸ್ಟ್ರಿಂಗ್ಸ್ (ಪಿಟೀಲು, ವಯೋಲಾ, ಚೆಲ್ಲೊಗಳಂಥ ಕಮಾನಿನ ವಾದ್ಯಗಳು) ಹಾಕಿಸಬೇಕೆಂದು ಹೊರಟವರಿಗೆ ಇದರಿಂದ ಸಿಗುವ ಮೊದಲ ಪಾಠ ದುಡ್ಡು ಉಳಿಸುವಂಥದ್ದು: ಹತ್ತು ಹಾಡಿಗೂ ಹಾಕಬೇಡಿ.

ಡ್ರೇಕ್ 1967ರಲ್ಲಿ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಕಾಲೇಜಿಗೆ ಇಂಗ್ಲಿಷ್ ಸಾಹಿತ್ಯ ಓದಲು ಸೇರಿದ. ನಿರ್ಮಾಪಕ ಜೋ ಬಾಯ್ಡ್ ಆಲ್ಬಂ ಕೆಲಸ ಶುರುಮಾಡಿದಾಗ ವಾದ್ಯ ಸಂಯೋಜನೆಗೆ ಕರೆದದ್ದು ರಿಚರ್ಡ್ ಹ್ಯೂಸನ್ ಎಂಬ ಪಳಗಿದ ಅರೇಂಜರ್‌ನನ್ನು. ಆ ಕೆಲಸ ಡ್ರೇಕ್‌ಗೆ ಹಿಡಿಸಲಿಲ್ಲ. ಆತ ಮುಂದಿಟ್ಟದ್ದು ಕೇಂಬ್ರಿಜ್‌ನಲ್ಲೇ ಸಂಗೀತ ಓದುತ್ತಿದ್ದ ಗೆಳೆಯ ರಾಬರ್ಟ್ ಕರ್ಬಿಯ ಹೆಸರನ್ನು. ಕರ್ಬಿ ಆಗ ಇನ್ನೂ ವಿದ್ಯಾರ್ಥಿ, ವೃತ್ತಿಪರ ಸ್ಟುಡಿಯೊ ಅನುಭವ ಇಲ್ಲದವನು. ಆದರೆ ಡ್ರೇಕ್ ಯಾವ ತಂತಿಯನ್ನು ಯಾವ ಬೆರಳಲ್ಲಿ ಮೀಟುತ್ತಾನೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದೆಲ್ಲ ಅವನಿಗೆ ಪಕ್ಕದಲ್ಲೇ ಕೂತು ಗೊತ್ತಿತ್ತು.

ಇವರಿಬ್ಬರ ವ್ಯತ್ಯಾಸವನ್ನು ಈಗಲೂ ಕಿವಿಯಾರೆ ಕೇಳಬಹುದು. ಆಲ್ಬಂನಿಂದ ಕೈಬಿಟ್ಟ 'ಐ ವಾಸ್ ಮೇಡ್ ಟು ಲವ್ ಮ್ಯಾಜಿಕ್' ಹಾಡು ಹ್ಯೂಸನ್‌ನ ಸಂಯೋಜನೆಯೊಂದಿಗೆ 'ಟೈಮ್ ಆಫ್ ನೋ ರಿಪ್ಲೈ' ಸಂಕಲನದಲ್ಲಿದೆ. ಅದೇ ಹಾಡಿಗೆ ಕರ್ಬಿ ಬರೆದಿದ್ದ ಸಂಯೋಜನೆಯನ್ನು ಡ್ರೇಕ್‌ನ ಹಳೇ ದನಿಯ ಜತೆ ಹೊಸದಾಗಿ ನುಡಿಸಿ ಸೇರಿಸಿದ್ದು 2004ರ 'ಮೇಡ್ ಟು ಲವ್ ಮ್ಯಾಜಿಕ್'ನಲ್ಲಿ ಬಂತು. ಅದೇ ಹಾಡು, ಅದೇ ದನಿ, ಎರಡು ವಾದ್ಯಮೇಳ. ವಾದ್ಯ ಸಂಯೋಜನೆ ಕಲಿಯುವವರಿಗೆ ಇಂಥ ಹೋಲಿಕೆ ಸಿಗುವುದು ಅಪರೂಪ. ಎರಡನ್ನೂ ಹಿಂದೆಮುಂದೆ ಹಾಕಿ, ದನಿ ಬರುವ ಜಾಗದಲ್ಲಿ ಪಿಟೀಲು ಏನು ಮಾಡುತ್ತಿದೆ ಎಂಬುದನ್ನಷ್ಟೇ ಗಮನಿಸಿ.

ಮೆಲುದನಿಯ ಹಾಡುಗಾರರ ಜತೆ ಸ್ಟ್ರಿಂಗ್ಸ್ ಕೆಡುವುದು ಬಹುಪಾಲು ಸ್ಥಾಯಿಯ ಜಗಳದಿಂದ. ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಸ್, ಅಂದರೆ ಸೆಕೆಂಡಿಗೆ 82 ಕಂಪನ. ಚೆಲ್ಲೊದ್ದು 65, ವಯೋಲಾದ್ದು 131, ಪಿಟೀಲಿನದ್ದು 196. ತಗ್ಗಿದ ಗಂಡುದನಿ ಓಡಾಡುವುದು ಹೆಚ್ಚಾಗಿ 100ರಿಂದ 300ರೊಳಗೆ. ಅಂದರೆ ಚೆಲ್ಲೊ, ವಯೋಲಾ, ಗಿಟಾರಿನ ಕೆಳಗಿನ ಮೂರು ತಂತಿ, ಹಾಡುವವನ ದನಿ, ಎಲ್ಲ ಒಂದೇ ಕೋಣೆಯಲ್ಲಿ. ಕೀಬೋರ್ಡ್ ಮೇಲೆ ಎರಡೂ ಕೈಯಿಂದ ತುಂಬು ಕಾರ್ಡ್ ಒತ್ತಿ, ಅದನ್ನೇ ನಾಲ್ಕು ವಾದ್ಯಕ್ಕೆ ಹಂಚಿಬಿಟ್ಟರೆ ದನಿ ಮುಳುಗುತ್ತದೆ. ಆಮೇಲೆ ಮಿಕ್ಸಿಂಗ್‌ನಲ್ಲಿ ಸ್ಟ್ರಿಂಗ್ಸ್‌ನ 200-400 ಹರ್ಟ್ಸ್ ಕೊರೆಯುತ್ತಾರೆ, ಸ್ಟ್ರಿಂಗ್ಸ್ ತೆಳ್ಳಗಾಗಿ ಕಿರುಗುಡುತ್ತದೆ, ಕೊನೆಗೆ ಅದರ ಸದ್ದನ್ನೇ ಇಳಿಸುತ್ತಾರೆ. ಕೊಟ್ಟ ದುಡ್ಡೆಲ್ಲ ಕೇಳಿಸದ ಜಾಗಕ್ಕೆ ಹೋಗುತ್ತದೆ.

ಇದಕ್ಕೆ ಪರಿಹಾರ ಬರೆಯುವಾಗಲೇ ಇದೆ. ದನಿ ಇರುವಾಗ ಚೆಲ್ಲೊ ಒಂದು ಸ್ವರ ಹಿಡಿದು ನಿಲ್ಲಲಿ ಅಥವಾ ಸುಮ್ಮನಿರಲಿ. ವಯೋಲಾ ಮತ್ತು ಪಿಟೀಲು ದನಿಗಿಂತ ಮೇಲಿನ ಸ್ಥಾಯಿಯಲ್ಲಿರಲಿ. ಸಾಲು ಮುಗಿದು ಹಾಡುವವರು ಉಸಿರೆಳೆಯುವ ಒಂದೆರಡು ಅಕ್ಷರಕಾಲದಲ್ಲಿ ಚೆಲ್ಲೊ ಕದಲಲಿ. ಗಿಟಾರ್ ಈಗಾಗಲೇ ನುಡಿಸುತ್ತಿರುವ ಸ್ವರವನ್ನು ಪಿಟೀಲಿಗೆ ಮತ್ತೆ ಬರೆಯಬೇಡಿ. ಬೆರಳಲ್ಲಿ ಮೀಟುವ ಗಿಟಾರಿನಲ್ಲಿ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯುತ್ತಿರುತ್ತದೆ. ಅದೇ ಸ್ವರವನ್ನು ಕಮಾನು ಹಿಡಿದು ಎಳೆದರೆ ಗಿಟಾರಿನ ಮೀಟು ಮಸುಕಾಗುತ್ತದೆ. ಇಲ್ಲವಾದರೆ ಪೂರ್ತಿ ಉಲ್ಟಾ ದಾರಿ ಹಿಡಿಯಬೇಕು: 'ವೇ ಟು ಬ್ಲೂ'ನಲ್ಲಿ ಗಿಟಾರೇ ಇಲ್ಲ. ದನಿ ಮತ್ತು ಸ್ಟ್ರಿಂಗ್ಸ್, ಅಷ್ಟೇ. ಗಿಟಾರ್ ತೆಗೆದ ಮೇಲೆ ಕೆಳಗಿನ ಸ್ಥಾಯಿ ಪೂರಾ ಚೆಲ್ಲೊಗೆ ಸಿಗುತ್ತದೆ. ಗಿಟಾರ್ ಮೂಲಕವೇ ಗುರುತಾಗುವ ಹಾಡುಗಾರನೊಬ್ಬ ಮೊದಲ ಆಲ್ಬಂನಲ್ಲೇ ಹೀಗೆ ಮಾಡಲು ಒಪ್ಪಿದ್ದು ದೊಡ್ಡ ಧೈರ್ಯ, ಮತ್ತು ನನ್ನ ಲೆಕ್ಕದಲ್ಲಿ ಕರ್ಬಿಯ ಅತ್ಯುತ್ತಮ ಕೆಲಸ ಅದೇ.

'ರಿವರ್ ಮ್ಯಾನ್' ಮಾತ್ರ ಕರ್ಬಿಯದ್ದಲ್ಲ. ಐದರ ತಾಳದಲ್ಲಿ ಸಾಗುವ ಆ ಹಾಡು ಅವನ ಕೈಗೆ ಸಿಗಲಿಲ್ಲ. ಸಿನಿಮಾಗಳಿಗೆ ಸಂಗೀತ ಕೊಡುತ್ತಿದ್ದ ಹ್ಯಾರಿ ರಾಬಿನ್ಸನ್‌ನನ್ನು ಕರೆಸಿದರು. ಐದರ ಎಣಿಕೆ ಖಂಡ ಚಾಪು ಕೇಳಿ ಬೆಳೆದವರಿಗೆ ಹೊಸದಲ್ಲ, ಆದರೆ ಇಲ್ಲಿ ತಾಳದ ಒತ್ತು ಎದ್ದು ಕಾಣುವುದಿಲ್ಲ. ಗಿಟಾರ್ ಒಂದೇ ಸಮ ಹರಿಯುತ್ತದೆ, ದನಿ ಎಡುಪು ತಪ್ಪಿಸಿಕೊಂಡಂತೆ ತಡವಾಗಿ ಬಂದು ಸೇರುತ್ತದೆ. ಹಾಡು ಮೈನರ್‌ನಲ್ಲಿ ಹೊರಟು ಸುತ್ತಿನ ಕೊನೆಗೆ ಮೇಜರ್ ಮೇಲೆ ಇಳಿಯುತ್ತದೆ, ಅಂದರೆ ಸಾಧಾರಣ ಗಾಂಧಾರದಲ್ಲಿ ಶುರುವಾದದ್ದು ಅಂತರ ಗಾಂಧಾರಕ್ಕೆ ಬಂದು ನಿಲ್ಲುತ್ತದೆ. ಸ್ಟ್ರಿಂಗ್ಸ್ ಬರೆಯುವವರಿಗೆ ಅತಿ ಅಪಾಯದ ಜಾಗ ಇದು. ಒಬ್ಬ ವಾದಕ ಹಿಂದಿನ ಗಾಂಧಾರವನ್ನು ಅರ್ಧ ಅಕ್ಷರಕಾಲ ಹೆಚ್ಚು ಹಿಡಿದರೂ ಎರಡು ಗಾಂಧಾರ ಒಟ್ಟಿಗೆ ಕೇಳಿಸುತ್ತವೆ. ಹಾಗಾಗಿ ಇಂಥ ಕಡೆ ಗಾಂಧಾರವನ್ನು ಒಂದೇ ವಾದ್ಯಕ್ಕೆ ಕೊಡಬೇಕು, ಸ್ವರ ಬದಲಾಗುವಲ್ಲಿ ಕಮಾನೂ ತಿರುಗುವಂತೆ ಗುರುತು ಹಾಕಬೇಕು. 'ರಿವರ್ ಮ್ಯಾನ್' ಶುರುವಿನಲ್ಲಿ ದನಿ ಮತ್ತು ಗಿಟಾರ್ ಎರಡೇ ಇರುವುದನ್ನೂ ಗಮನಿಸಿ. ಪಿಟೀಲುಗಳು ಬರುವ ಹೊತ್ತಿಗೆ ಆ ಐದರ ನಡೆ ಕೇಳುಗರ ಕಿವಿಯಲ್ಲಿ ಕೂತಿರುತ್ತದೆ.

ಈ ಹಾಡನ್ನು ಮುದ್ರಿಸುವಾಗ ಡ್ರೇಕ್ ಸ್ಟ್ರಿಂಗ್ಸ್ ವಾದಕರ ನಡುವೆ ಕೂತು ನುಡಿಸುತ್ತಲೇ ಹಾಡಿದ. ಸ್ಟುಡಿಯೊ ಲಂಡನ್ನಿನ ಚೆಲ್ಸಿಯಲ್ಲಿದ್ದ ಸೌಂಡ್ ಟೆಕ್ನಿಕ್ಸ್, ಹಿಂದೊಮ್ಮೆ ಡೈರಿಯಾಗಿದ್ದ ಕಟ್ಟಡ. ಎಂಜಿನಿಯರ್ ಜಾನ್ ವುಡ್. ಎಲ್ಲರೂ ಒಟ್ಟಿಗೆ ನುಡಿಸಿದರೆ ಲಯ ತಾನಾಗಿ ಕೂಡಿಕೊಳ್ಳುತ್ತದೆ, ಆದರೆ ದನಿಯ ಮೈಕಿಗೆ ಪಿಟೀಲು, ಪಿಟೀಲಿನ ಮೈಕಿಗೆ ಗಿಟಾರ್ ನುಗ್ಗುತ್ತದೆ. ಆಮೇಲೆ ದನಿಯಲ್ಲಿ ಒಂದು ಪದ ಬದಲಿಸುವಂತಿಲ್ಲ. ಹಾಡುವವರ ಕೈ ಮತ್ತು ದನಿ ಪಕ್ಕಾ ಇದ್ದರಷ್ಟೇ ಈ ದಾರಿ.

ಈಗ ಹೆಚ್ಚಿನವರು ದನಿ-ಗಿಟಾರನ್ನು ಮೊದಲು ಮುದ್ರಿಸಿ, ಸ್ಟ್ರಿಂಗ್ಸ್ ಆಮೇಲೆ ಸೇರಿಸುತ್ತಾರೆ. ಆಗ ಬರುವ ತೊಂದರೆಗಳೇ ಬೇರೆ. ಕ್ಲಿಕ್ (ಹೆಡ್‌ಫೋನಿನಲ್ಲಿ ಲಯ ತೋರಿಸುವ ಟಿಕ್‌ಟಿಕ್ ಸದ್ದು) ಇಲ್ಲದೆ ನುಡಿಸಿದ್ದರೆ ಲಯ ಎಳೆದಾಡುತ್ತಿರುತ್ತದೆ, ನಾಲ್ಕು ವಾದಕರು ಅದನ್ನು ಊಹಿಸಿ ನುಡಿಸಲಾರರು. ಮುದ್ರಿತ ಗಿಟಾರನ್ನು ಹಿಂಬಾಲಿಸುವ ಟೆಂಪೊ ಮ್ಯಾಪ್ (ಲಯದ ಏರಿಳಿತದ ನಕ್ಷೆ) ಮಾಡಿ, ಅದರಂತೆ ಕ್ಲಿಕ್ ತಯಾರಿಸಿ ವಾದಕರಿಗೆ ಕೊಡಿ. ಹಾಡಿಗೆ ಮುಂಚೆ ಎರಡು ಬಾರ್ (ತಾಳದ ಆವರ್ತ) ಎಣಿಕೆ ಇರಲಿ. ಕೊನೆಯ ಉದ್ದ ಸ್ವರದಲ್ಲಿ ಕ್ಲಿಕ್ ಆಫ್ ಮಾಡಿ, ಇಲ್ಲದಿದ್ದರೆ ಹೆಡ್‌ಫೋನಿನಿಂದ ಸೋರಿದ ಟಿಕ್‌ಟಿಕ್ ಸದ್ದು ಆ ಮೌನದೊಳಗೆ ಉಳಿದುಬಿಡುತ್ತದೆ, ತೆಗೆಯಲು ಬರುವುದಿಲ್ಲ.

ಶ್ರುತಿಯ ವಿಷಯ ಮೊದಲೇ ತೀರ್ಮಾನಿಸಿ. ಯುರೋಪಿನ ಎಷ್ಟೋ ಆರ್ಕೆಸ್ಟ್ರಾಗಳು ಎ ಸ್ವರವನ್ನು 442 ಹರ್ಟ್ಸ್‌ಗೆ ಇಟ್ಟುಕೊಳ್ಳುತ್ತವೆ. ನಿಮ್ಮ ಗಿಟಾರ್ 440ರಲ್ಲಿದ್ದರೆ ಸುಮಾರು 8 ಸೆಂಟ್ ಅಂತರ (ಒಂದು ಸ್ವರಸ್ಥಾನಕ್ಕೆ ನೂರು ಸೆಂಟ್). ಕೇಳುಗರು ಇದನ್ನು ಅಪಸ್ವರ ಅನ್ನಲಿಕ್ಕಿಲ್ಲ, ಆದರೆ ಹಾಡಿನುದ್ದಕ್ಕೂ ಏನೋ ಹುಳಿ ಹಿಂಡಿದಂತಿರುತ್ತದೆ. ಕೇಪೊ (ಗಿಟಾರಿನ ತಂತಿಗಳನ್ನೆಲ್ಲ ಒಂದು ಮನೆಯಲ್ಲಿ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿ ನುಡಿಸಿದ ಹಾಡಿಗೆ ಕಿವಿಗೆ ಕೇಳಿಸುವ ಶ್ರುತಿಯಲ್ಲೇ ಬರೆದುಕೊಡಬೇಕು: ಮೂರನೇ ಮನೆಯಲ್ಲಿ ಕೇಪೊ ಹಾಕಿ ಎ ಹಿಡಿದರೆ ವಾದಕರಿಗೆ ಅದು ಸಿ. ನಾಲ್ಕನೇ ಮನೆಯಾದರೆ ಡಿ ಫ್ಲ್ಯಾಟ್, ಐದು ಫ್ಲ್ಯಾಟ್‌ಗಳು, ಪಿಟೀಲಿನ ಜಿ, ಡಿ, ಎ, ಇ ತೆರೆದ ತಂತಿಗಳಲ್ಲಿ ಒಂದೂ ಸಹಾಯಕ್ಕೆ ಬರುವುದಿಲ್ಲ, ನಾದ ಮಂಕಾಗುತ್ತದೆ. ಹಾಡುವವರಿಗೆ ಕಷ್ಟವಾಗದಿದ್ದರೆ ಕೇಪೊವನ್ನು ಒಂದು ಮನೆ ಆಚೆಗೋ ಈಚೆಗೋ ಸರಿಸಿ. ಇದು ಗಿಟಾರ್ ಮುದ್ರಿಸುವ ಮೊದಲು ಆಗಬೇಕಾದ ಕೆಲಸ.

ಕಂಪ್ಯೂಟರಿನ ಸ್ಯಾಂಪಲ್ (ಒಂದೊಂದೇ ಸ್ವರ ಮೊದಲೇ ಮುದ್ರಿಸಿಟ್ಟ) ಸ್ಟ್ರಿಂಗ್ಸ್‌ನಲ್ಲಿ ಮಾದರಿ ಮಾಡಿ ಅದನ್ನೇ ಸ್ವರಲಿಪಿಗೆ ಇಳಿಸುವವರು ಇನ್ನೊಂದು ಕಡೆ ಎಡವುತ್ತಾರೆ. ಸ್ಯಾಂಪಲ್‌ಗಳು ನಿಧಾನಕ್ಕೆ ಏಳುತ್ತವೆಂದು ಸ್ವರಗಳನ್ನು ಚೂರು ಮುಂಚೆ ಎಳೆದಿಟ್ಟಿರುತ್ತಾರೆ. ಅದನ್ನು ಸರಿಪಡಿಸದೆ ಪ್ರಿಂಟ್ ತೆಗೆದರೆ ಪುಟದ ತುಂಬ ಅರ್ಥವಿಲ್ಲದ ಪುಟ್ಟ ವಿರಾಮಗಳು, ಸ್ವರಗಳನ್ನು ಜೋಡಿಸುವ ಟೈ ಗೆರೆಗಳು. ಎಲ್ಲವನ್ನೂ ಕ್ವಾಂಟೈಸ್ ಮಾಡಿ (ಸರಿಯಾದ ಅಕ್ಷರಕಾಲಕ್ಕೆ ಕೂರಿಸಿ), ನುಡಿಸುವ ಬಗೆ ಬದಲಿಸಲು ಹಾಕಿದ ಕೀಸ್ವಿಚ್ ಸ್ವರಗಳನ್ನು ಅಳಿಸಿ, ಆಮೇಲೆ ಲಿಪಿ ತೆಗೆಯಿರಿ. ವಯೋಲಾಗೆ ಆಲ್ಟೊ ಕ್ಲೆಫ್. ಪ್ರತಿ ಸಾಲಿಗೂ ಬಾರ್ ಸಂಖ್ಯೆ. ಪುಟ ತಿರುವುವ ಕಡೆ ವಿರಾಮ ಬರುವಂತೆ ಜೋಡಿಸಿ, ಕಾಗದದ ಸದ್ದೂ ಮೈಕಿಗೆ ಬೀಳುತ್ತದೆ.

ವಾದಕರು ಎಷ್ಟು ಜನ? 'ಡೇ ಈಸ್ ಡನ್' ಕೇಳಿದರೆ ನಾಲ್ಕು ವಾದಕರ ಒಂದು ಕ್ವಾರ್ಟೆಟ್‌ನಷ್ಟು ವಾದ್ಯಗಳೇ ಒಂದು ಹಾಡಿಗೆ ಎಷ್ಟು ಸಾಕೆಂದು ತಿಳಿಯುತ್ತದೆ. ಒಂದೇ ಸಾಲನ್ನು ಇಬ್ಬರಿಗೆ ಕೊಡುವುದು ಅತಿ ಕೆಟ್ಟ ಆಯ್ಕೆ, ಇಬ್ಬರ ನಡುವಿನ ಸಣ್ಣ ಶ್ರುತಿಭೇದ ಅಲೆ ಅಲೆಯಾಗಿ ಕೇಳಿಸುತ್ತದೆ. ಒಬ್ಬರಿರಲಿ, ಇಲ್ಲವೇ ಮೂವರಿರಲಿ. ನಾಲ್ಕೇ ಜನರನ್ನು ಮತ್ತೆ ಮತ್ತೆ ಮುದ್ರಿಸಿ ದೊಡ್ಡ ಮೇಳದಂತೆ ಮಾಡುವುದಾದರೆ ಪ್ರತಿ ಸಲವೂ ಕುರ್ಚಿ ಬದಲಿಸಿ, ಮೊದಲ ಮತ್ತು ಎರಡನೇ ಪಿಟೀಲಿನವರ ಸಾಲು ಅದಲುಬದಲು ಮಾಡಿ. ಒಂದೇ ಪಿಟೀಲು ಒಂದೇ ಜಾಗದಲ್ಲಿ ಮೂರು ಸಲ ಕೂತರೆ ದೊಡ್ಡ ಮೇಳ ಆಗುವುದಿಲ್ಲ, ನಾದ ಟೊಳ್ಳಾಗುತ್ತದೆ.

ಬೆಂಗಳೂರಿನಲ್ಲಿ ಒಳ್ಳೆಯ ಪಿಟೀಲು ವಾದಕರಿಗೆ ಬರವಿಲ್ಲ, ಆದರೆ ಹೆಚ್ಚಿನವರ ತಾಲೀಮು ಕರ್ನಾಟಕ ಸಂಗೀತದ್ದು. ತಂತಿಗಳು ಸ-ಪ-ಸ-ಪಕ್ಕೆ ಕೂಡಿರುತ್ತವೆ, ಗಮಕ ಕೈಯಲ್ಲೇ ಇರುತ್ತದೆ. ಒಂಟಿ ಸಾಲೊಂದನ್ನು ಅವರಿಗೆ ಕೊಟ್ಟರೆ ಹಾಡು ಬೇರೆಯೇ ಎತ್ತರಕ್ಕೆ ಹೋಗಬಹುದು. ಆದರೆ ನಾಲ್ಕು ಜನ ಕಂಪನವಿಲ್ಲದ ಉದ್ದ ಸ್ವರ ಹಿಡಿದು ಒಂದಾಗಿ ಕೇಳಿಸಬೇಕಾದಲ್ಲಿ ಸ್ಟಾಫ್ ನೋಟೇಶನ್ ಓದಿ ನುಡಿಸುವ ಮೇಳವೇ ಬೇಕು, ಜತೆಗೆ ವಯೋಲಾ, ಚೆಲ್ಲೊ ಬೇಕು. ಅದಕ್ಕೆ ಚೆನ್ನೈಗೆ ಹೋಗಬೇಕು, ಅಥವಾ ಇಲ್ಲಿಂದಲೇ ಫೈಲ್ ಕಳಿಸಿ ಬುಡಾಪೆಸ್ಟ್, ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಯಂಥ ಕಡೆಯ ಮೇಳಗಳಿಂದ ನುಡಿಸಿಕೊಳ್ಳಬೇಕು. ಸಮಯದ ಅಂದಾಜಿಗೆ ಬ್ರಿಟನ್ನಿನ ಲೆಕ್ಕ ನೋಡಿ: ಅಲ್ಲಿ ವಾಡಿಕೆಯ ಸೆಷನ್ (ಒಂದು ಸಲದ ಮುದ್ರಣ) ಮೂರು ಗಂಟೆಯದ್ದು, ಅದರಲ್ಲಿ ಬಳಸಬಹುದಾದ ಸಂಗೀತ 20 ನಿಮಿಷ ಮೀರಬಾರದೆಂಬ ಮಿತಿ ಇದೆ. ನಾಲ್ಕು ನಿಮಿಷದ ಮೂರು ಹಾಡು ಇಟ್ಟುಕೊಂಡರೆ ನೆಮ್ಮದಿಯಾಗಿ ಮುಗಿಯುತ್ತದೆ. ಅತಿ ಕಷ್ಟದ್ದು ಮೊದಲು ಬೇಡ, ಎರಡನೆಯದಾಗಿರಲಿ. ಆ ಹೊತ್ತಿಗೆ ವಾದಕರು ಪರಸ್ಪರ ಕೇಳಿಸಿಕೊಳ್ಳಲು ಶುರುಮಾಡಿರುತ್ತಾರೆ.

ಮನೆಯಲ್ಲೇ ಮುದ್ರಿಸುವವರು ಛಾವಣಿ ನೋಡಿಕೊಳ್ಳಬೇಕು. ಪಿಟೀಲಿನ ನಾದ ಮೇಲಕ್ಕೆ ಹೋಗುತ್ತದೆ, ಮೈಕನ್ನೂ ಮೇಲಿಂದಲೇ ಒಂದು ಮೀಟರಿನಷ್ಟು ದೂರ ಇಡುತ್ತೇವೆ, ಹತ್ತು ಅಡಿಯ ಕಾಂಕ್ರೀಟ್ ಛಾವಣಿಯಿಂದ ಅದೇ ನಾದ ವಾಪಸ್ ಬಂದು ಮೈಕಿಗೆ ಎರಡನೇ ಸಲ ಬೀಳುತ್ತದೆ. ತಲೆಯ ಮೇಲೆ ದಪ್ಪ ರಾಕ್‌ವೂಲ್ ಪ್ಯಾನೆಲ್ ಅಥವಾ ಮಡಿಸಿದ ರಜಾಯಿ ತೂಗುಹಾಕಿದರೆ ಅರ್ಧ ಸಮಸ್ಯೆ ಹೋಗುತ್ತದೆ. ದೂರದ ಊರಿಗೆ ಫೈಲ್ ಕಳಿಸುವವರು ಎಲ್ಲ ಟ್ರ್ಯಾಕ್‌ಗಳೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವಂತೆ ಮಾಡಿ, 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಆಗಿ ಕೊಡಿ, ಸ್ಯಾಂಪಲ್ ರೇಟ್ (ಆ ಕಿಲೋಹರ್ಟ್ಸ್ ಸಂಖ್ಯೆ) ಎಷ್ಟೆಂದು ಫೈಲಿನ ಹೆಸರಿನಲ್ಲೇ ಬರೆಯಿರಿ. 44.1ರ ಫೈಲನ್ನು 48 ಎಂದುಕೊಂಡು ತೆರೆದರೆ ಹಾಡು ಸುಮಾರು ಒಂದೂವರೆ ಸ್ವರಸ್ಥಾನ ಏರಿ, ವೇಗವಾಗಿ ಓಡುತ್ತದೆ. ವಾದಕರು ಕೂತ ಮೇಲೆ ಇದು ಗೊತ್ತಾದರೆ ಸೆಷನ್ನಿನ ಮೊದಲ ಅರ್ಧ ಗಂಟೆ ಫೈಲ್ ಹುಡುಕುವುದರಲ್ಲೇ ಹೋಗುತ್ತದೆ.