700 ಎಂಎಲ್ ಗಾಳಿಯ ಲೆಕ್ಕ

ಶನಿವಾರ ಬೆಳಿಗ್ಗೆ

ನಮ್ಮ ಪುಟ್ಟ ಕಾರು 2004ರದು. ಮೂರು ಸಿಲಿಂಡರ್, 800 ಸಿಸಿ. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಕ್ಲಾಂಪ್ ಹತ್ತಿರ ಬಿರುಕು ಬಿಟ್ಟಿತ್ತು. ಅದಕ್ಕೂ ವಯಸ್ಸಾಯ್ತು, ಪಾಪ. ಪೈಪಿನ ಜೊತೆಗೆ ಥರ್ಮೋಸ್ಟಾಟನ್ನೂ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವ್) ಬದಲಿಸಿದೆ. ಬಕೆಟ್ಟಿಗೆ ಇಳಿಸಿದ ಹಳೇ ಕೂಲಂಟನ್ನು, ಅಂದರೆ ಎಂಜಿನ್ ತಣಿಸುವ ದ್ರವವನ್ನು, ಸುಮ್ನೆ ಕುತೂಹಲಕ್ಕೆ ಅಳೆದೆ: 2.6 ಲೀಟರ್. ರೇಡಿಯೇಟರ್ ಹೆಚ್ಚಾದ ಕೂಲಂಟನ್ನು ಬಿಡುವ, ತಣ್ಣಗಾದಾಗ ವಾಪಸ್ ಎಳೆದುಕೊಳ್ಳುವ ಓವರ್‌ಫ್ಲೋ ಡಬ್ಬಿಯನ್ನು ಮುಟ್ಟಲಿಲ್ಲ.

ಹೊಸ ಕೂಲಂಟ್ ಸುರಿಯಲು ಅಡುಗೆಮನೆಯ ಆಲಿಕೆ ಕೇಳಿದೆ. ಅಮ್ಮ ಕೊಡಲಿಲ್ಲ. ಕೊಡದಿದ್ದದ್ದೇ ಸರಿ, ಅದು ವಿಷ. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ ಆಲಿಕೆ ಮಾಡಿಕೊಂಡೆ. 1.9 ಲೀಟರಿಗೆ ರೇಡಿಯೇಟರ್ ಬಾಯಿತನಕ ಬಂತು. ತುಂಬಿತು ಎಂದುಕೊಂಡು ಕ್ಯಾಪ್ ಮುಚ್ಚಿದೆ. ಗ್ಯಾರೇಜಿನ ಪರಿಚಯದವರೊಬ್ಬರು ಫೋನಿನಲ್ಲಿ, "ನಾಲ್ಕು ಸಲ ರೇಸ್ ಕೊಡಿ ಸಾರ್, ಗಾಳಿ ತಾನೇ ಹೋಗುತ್ತೆ" ಎಂದರು. ಕೊಟ್ಟೆ.

ಶನಿವಾರ ಸಂಜೆ

ನಾಲ್ಕು ಕಿಲೋಮೀಟರ್ ಓಡಿಸುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಏರಿತು. ಸಿಗ್ನಲ್ಲಿನಲ್ಲಿ ನಿಂತಾಗ ದಡಕ್ಕನೆ ಅರ್ಧಕ್ಕೆ ಇಳಿಯಿತು. ಮತ್ತೆ ಏರಿತು. ಡ್ಯಾಶ್‌ಬೋರ್ಡಿನ ಹಿಂದೆ ಯಾರೋ ಚೊಂಬಿನಿಂದ ನೀರು ಸುರಿದಂತೆ ಗುಳುಗುಳು ಸದ್ದು. ಹೀಟರ್ ಹಾಕಿದರೆ ತಣ್ಣನೆಯ ಗಾಳಿ. ಅಲ್ಲೇ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಮನೆಗೆ ಬರಲು ಒಂದೂವರೆ ಗಂಟೆ ಹಿಡಿಯಿತು, ನಡುವೆ ಎರಡು ಸಲ ಆರಲು ಬಿಟ್ಟೆ.

ರಾತ್ರಿ ಮಲಗಿದ ಮೇಲೆ ಲೆಕ್ಕ ಹೊಳೆಯಿತು. ಇಳಿದದ್ದು 2.6, ಹಾಕಿದ್ದು 1.9. ಅಂದರೆ ಒಳಗೆ 700 ಎಂಎಲ್ ಗಾಳಿ! ಸೋಲಾರ್ ಹೀಟರ್ ಪೈಪಿನಲ್ಲಿ ಏರ್‌ಲಾಕ್ ಆದರೆ ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ನೀರು ಬರೋದಿಲ್ಲ ಅಲ್ವಾ? ಇಲ್ಲೂ ಅದೇ ಕಥೆ. ಗಾಳಿ ಎತ್ತರದ ಜಾಗ ಹುಡುಕಿ ಕೂರುತ್ತದೆ. ನಮ್ಮ ಕಾರಿನಲ್ಲಿ ಆ ಜಾಗ ಹೀಟರಿನ ಪುಟ್ಟ ರೇಡಿಯೇಟರ್, ಮತ್ತೆ ಎಂಜಿನ್ನಿನ ತಲೆ. ಸೆನ್ಸರಿಗೆ ಒಮ್ಮೆ ಕೂಲಂಟ್ ತಾಗುತ್ತೆ, ಒಮ್ಮೆ ಗಾಳಿ. ಅದಕ್ಕೇ ಮುಳ್ಳಿನ ಕುಣಿತ.

ಭಾನುವಾರ

ಮೊದಲ ತಪ್ಪು ಬೆಳಿಗ್ಗೆಯೇ ಸಿಕ್ಕಿತು. ಹೀಟರಿನ ಲಿವರ್ ನಿನ್ನೆ ಕೂಲಂಟ್ ತುಂಬುವಾಗ ಪೂರ್ತಿ ತಣ್ಣನೆಯ ಕಡೆಗಿತ್ತು. ವಾಲ್ವ್ ಮುಚ್ಚಿದ್ದರೆ ಅಲ್ಲಿನ ಗಾಳಿ ಹೊರಗೆ ಬರೋದಾದರೂ ಹೇಗೆ? ಎರಡನೆಯ ತಪ್ಪು, ಕಾರು ರಸ್ತೆಯಲ್ಲಿ ಮೂತಿ ತಗ್ಗಾಗಿ ನಿಂತಿತ್ತು. ಬೆಂಗಳೂರಿನ ಮನೆಗಳ ಮುಂದೆ ಚರಂಡಿ ದಾಟಲು ಇಳಿಜಾರು ಕಟ್ಟಿರುತ್ತಾರಲ್ಲ, ಅದು ಮೊದಲ ಸಲ ಉಪಯೋಗಕ್ಕೆ ಬಂತು. ಮುಂದಿನ ಚಕ್ರ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಈಗ ರೇಡಿಯೇಟರಿನ ಬಾಯಿಯೇ ಎತ್ತರದ ಜಾಗ.

ಥರ್ಮೋಸ್ಟಾಟಿನಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು, ಅದರೊಳಗೆ ಅಲುಗಾಡುವ ಪಿನ್ನು ಇರುತ್ತದೆ. ಅದು ಮೇಲ್ಗಡೆಗೆ ಇರಬೇಕು. ನಿನ್ನೆ ತೆಗೆದ ಫೋಟೋ ನೋಡಿದೆ. ಮೇಲೇ ಇದೆ, ಸದ್ಯ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು, ಆಲಿಕೆ ಕೂರಿಸಿ ಸ್ಟಾರ್ಟ್ ಮಾಡಿದೆ. ರೇಸ್ ಇಲ್ಲ, ಬರೀ ಐಡಲ್. ಹತ್ತು ನಿಮಿಷ ಏನೂ ಆಗಲಿಲ್ಲ. ನಡುನಡುವೆ ಮೇಲಿನ ಪೈಪನ್ನು ಹಿಂಡುತ್ತಿದ್ದೆ, ಒಂದೊಂದೇ ಗುಳ್ಳೆ. ಥರ್ಮೋಸ್ಟಾಟ್ ತೆರೆಯೋದು ಸುಮಾರು 82 ಡಿಗ್ರಿಗೆ. ಅದು ತೆರೆದ ಕ್ಷಣ ಪೈಪು ಕೈಗೆ ಚುರ್ ಎಂದಿತು, ಆಲಿಕೆಯಲ್ಲಿ ಮಟ್ಟ ಒಮ್ಮೆ ಉಕ್ಕಿ, ಗುಳುಂ ಎಂದು ಕುಸಿಯಿತು. ಎಷ್ಟು ಖುಷಿಯಾಯಿತೆಂದರೆ ಅಮ್ಮನನ್ನು ಕರೆದು ತೋರಿಸಿದೆ. ಅವರು ನೋಡಿ, "ಇದಕ್ಕಾ ಕೂಗಿದ್ದು?" ಎಂದು ಒಳಗೆ ಹೋದರು.

ಗುಳ್ಳೆ ನಿಲ್ಲದೇ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಯ ಕೆಳಗಿನ ಸೀಲು) ಹೋಗಿರಬಹುದು ಎಂಬ ಭಯ ಇತ್ತು. ಡಿಪ್‌ಸ್ಟಿಕ್ ನೋಡಿದೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಫ್ಯಾನ್ ಎರಡನೇ ಸಲ ತಿರುಗಿ ನಿಲ್ಲುವ ಹೊತ್ತಿಗೆ ಗುಳ್ಳೆ ಕಡಿಮೆಯಾಯಿತು, ಹೀಟರಿನಲ್ಲಿ ಬಿಸಿ ಗಾಳಿ ಬಂತು. ಒಳಗೆ ಹೋದದ್ದು 450 ಎಂಎಲ್. ಬಾಕಿ 250.

ಸೋಮವಾರ ಬೆಳಿಗ್ಗೆ

ನಿನ್ನೆಯೇ ಮತ್ತೊಮ್ಮೆ ಕ್ಯಾಪ್ ತೆಗೆದು ನೋಡುವ ಆಸೆಯಿತ್ತು. ತಡೆದುಕೊಂಡೆ. ಬೆಂಗಳೂರಿನ ಎತ್ತರದಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಿದ ರೇಡಿಯೇಟರಿನಲ್ಲಿ ಒತ್ತಡ ಇರುವುದರಿಂದ ಕೂಲಂಟ್ ನೂರು ದಾಟಿದರೂ ಕುದಿಯದೆ ಕೂತಿರುತ್ತದೆ. ಬಿಸಿಯಲ್ಲಿ ಕ್ಯಾಪ್ ತಿರುಗಿಸಿದರೆ ಅಷ್ಟೂ ಮುಖಕ್ಕೆ. ಹೇಗೂ ಕಾದದ್ದು ಲಾಭವೇ ಆಯಿತು. ರಾತ್ರಿಯೆಲ್ಲ ತಣ್ಣಗಾಗುತ್ತಾ ಸಣ್ಣ ಗುಳ್ಳೆಗಳು ಮೇಲಕ್ಕೆ ಬಂದು ಸೇರಿದ್ದವು. ಬೆಳಿಗ್ಗೆ ಕ್ಯಾಪ್ ತೆಗೆದರೆ ಮಟ್ಟ ಕೆಳಗೆ. ಇನ್ನೂ 150 ಎಂಎಲ್ ಹಿಡಿಯಿತು. ಬಾಕಿ 100.

ಹಳೇ ಕೂಲಂಟ್ ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದಿಟ್ಟೆ. ಸಿಹಿಯಾಗಿರುತ್ತದೆ, ನಮ್ಮ ಬೀದಿಯ ನಾಯಿಗಳು ನೆಕ್ಕಿದರೆ ಕಷ್ಟ.

ಶುಕ್ರವಾರ

ನಾಲ್ಕು ದಿನ ಆಫೀಸಿಗೆ ಓಡಿಸಿದೆ. ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೆ, ಜಾಮ್‌ನಲ್ಲೂ ಅಲ್ಲೇ. ಗುಳುಗುಳು ಇಲ್ಲ. ಓವರ್‌ಫ್ಲೋ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೆ. ಮೊದಲ ಎರಡು ದಿನ ಬೆಳಿಗ್ಗೆ ಮಟ್ಟ ಗೆರೆಯಿಂದ ಇಳಿದಿರುತ್ತಿತ್ತು, ಒಟ್ಟು 60 ಎಂಎಲ್ ಸೇರಿಸಿದೆ. ಬುಧವಾರದಿಂದ ಕದಲಿಲ್ಲ.

ಉಳಿದ 40 ಎಂಎಲ್? ಪೈಪು ಕೀಳುವಾಗ ನೆಲಕ್ಕೂ ನನ್ನ ಪ್ಯಾಂಟಿಗೂ ಅದಕ್ಕಿಂತ ಜಾಸ್ತಿಯೇ ಚೆಲ್ಲಿತ್ತು, ಅದನ್ನು ಅಳೆದಿರಲಿಲ್ಲ. ಅದನ್ನೂ ಸೇರಿಸಿದರೆ ಬಾಕಿ ಇನ್ನೂ ಹೆಚ್ಚೇ, ಆದರೆ ಮಟ್ಟ ಕದಲದ ಮೇಲೆ ಆ ಲೆಕ್ಕ ಬಿಟ್ಟೆ. ಕ್ಯಾಪಿನ ಕೆಳಗಿನ ರಬ್ಬರ್ ಮಾತ್ರ ಗಟ್ಟಿಯಾಗಿ ಬಿರಿದಿದೆ. ಕ್ಯಾಪಿನ ಮೇಲೆ 0.9 ಎಂದು ಬರೆದಿದೆ, ಅದು ತಡೆಯುವ ಒತ್ತಡದ ಅಳತೆ; ಅದೇ ಅಳತೆಯದು ತರಬೇಕು. ನಾಳೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುತ್ತೇನೆ.