ಹತ್ತು ಜನ, ಹನ್ನೊಂದು ತಲೆ

ಕಳೆದ ಭಾನುವಾರ ರಾತ್ರಿ, ಪಿಯುಸಿ ಓದುತ್ತಿರುವ ಮಗಳ ಜೊತೆ ಕುಳಿತು ವೇರಾ ಖಿತಿಲೊವಾ ನಿರ್ದೇಶನದ ‘ವ್ಲ್ಚೀ ಬೌದಾ’ ಎಂಬ ಜೆಕ್ ಚಿತ್ರವನ್ನು ನೋಡಿದೆ. ತೆರೆಕಂಡದ್ದು 1987ರಲ್ಲಿ. ಸ್ಕೀಯಿಂಗ್ ಶಿಬಿರಕ್ಕೆಂದು ಹದಿಹರೆಯದವರು ಹಿಮದ ಬೆಟ್ಟದ ಮೇಲಿನ ಒಂಟಿ ಮನೆಗೆ ಬಂದಿಳಿಯುತ್ತಾರೆ. ‘ಅಪ್ಪ’ ಎಂದು ಕರೆಸಿಕೊಳ್ಳುವ ಅಲ್ಲಿನ ಹಿರಿಯ ಅವರಿಗೊಂದು ಲೆಕ್ಕ ಒಪ್ಪಿಸುತ್ತಾನೆ: ಕರೆದದ್ದು ಹತ್ತು ಜನರನ್ನು, ಬಂದಿರುವುದು ಹನ್ನೊಂದು ಜನ, ಒಬ್ಬರು ಇಲ್ಲಿಗೆ ಸೇರಿದವರಲ್ಲ.

“ಯಾರಿರಬಹುದಮ್ಮ?” ಎಂದಳು ಮಗಳು. ನಾನು ಆಗಲೇ ಹುಡುಕತೊಡಗಿದ್ದೆ. ಲೆಕ್ಕ ಹೇಳಿದವನನ್ನು ಬಿಟ್ಟು ಮಕ್ಕಳ ಮುಖಗಳನ್ನೇ ಒಂದೊಂದಾಗಿ ಶೋಧಿಸುತ್ತಿದ್ದೆನೆಂಬುದು, ಆ ಮನೆಗೆ ನಿಜವಾಗಿ ಸೇರದವರು ಶಿಬಿರ ನಡೆಸುವ ಹಿರಿಯರೇ, ಅವರು ಈ ಭೂಮಿಯವರೇ ಅಲ್ಲ ಎಂದು ತಿಳಿದ ಮೇಲಷ್ಟೇ ನನಗೆ ಹೊಳೆಯಿತು. ಅಷ್ಟು ಹೊತ್ತಿಗೆ ಮಕ್ಕಳು ಕಚ್ಚಾಡಿ ಆಗಿರುತ್ತದೆ. ಹಿರಿಯರು ಕೇಳುವುದು ಒಂದೇ, ಸಾಯಬೇಕಾದವರನ್ನು ನೀವೇ ಆರಿಸಿಕೊಡಿ.

ಈ ವಾರವಿಡೀ ಆ ಲೆಕ್ಕ ನನ್ನ ತಲೆಯಿಂದ ಇಳಿದಿಲ್ಲ. ಡಿಗ್ರಿ ಓದುವಾಗಿನ ಎನ್ನೆಸ್ಸೆಸ್ ಶಿಬಿರದಲ್ಲಿ, ಹಳ್ಳಿ ಶಾಲೆಯ ಜಗಲಿಯ ಮೇಲೆ, ಅಡುಗೆ ಖರ್ಚಿನ ಇನ್ನೂರು ರೂಪಾಯಿ ಕಾಣೆಯಾದ ಸಂಜೆ, ನಮ್ಮ ಮೇಷ್ಟ್ರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ: “ನಿಮ್ಮಲ್ಲೇ ಒಬ್ಬರು ತೆಗೆದಿದ್ದೀರಿ. ಯಾರೆಂದು ನೀವೇ ಹೇಳಿ, ಅಲ್ಲಿಯವರೆಗೆ ಊಟವಿಲ್ಲ.” ಮೇಷ್ಟ್ರು ಕೆಟ್ಟವರೇನಲ್ಲ, ಸೋಮಾರಿ, ತಾವು ಮಾಡಬೇಕಾದ ವಿಚಾರಣೆಯನ್ನು ನಮ್ಮ ಹಸಿವಿಗೆ ವಹಿಸಿದರು. ಸಾರಿನ ಕೊಳದಪ್ಪಲೆಯಲ್ಲಿ ಎಣ್ಣೆ ಕೆನೆಗಟ್ಟುತ್ತಿತ್ತು. ಒಂಬತ್ತು ಗಂಟೆಯ ಹೊತ್ತಿಗೆ, ಪರೀಕ್ಷೆ ಫೀಸು ಬಾಕಿ ಉಳಿಸಿಕೊಂಡಿದ್ದ ಹುಡುಗಿಯೊಬ್ಬಳ ಹೆಸರನ್ನು ಹೇಳಿದೆವು. ಮೊದಲು ಹೇಳಿದವರು ಯಾರೋ ನೆನಪಿಲ್ಲ, ಆದರೆ ಹೌದೆಂದು ತಲೆಯಾಡಿಸಿದವರಲ್ಲಿ ನಾನೂ ಇದ್ದೆ. ಹಣ ಸಿಗಲಿಲ್ಲ, ಊಟ ಸಿಕ್ಕಿತು.

ಚಿತ್ರದ ಮಕ್ಕಳು ಮಾತ್ರ ಯಾರನ್ನೂ ಒಪ್ಪಿಸುವುದಿಲ್ಲ, ಹನ್ನೊಂದು ಮಂದಿಯೂ ಒಟ್ಟಿಗೇ ಪಾರಾಗುತ್ತಾರೆ. ಇದು ಮಕ್ಕಳ ಕತೆಯ ಸುಲಭ ಮುಕ್ತಾಯವೆಂದು ಮೊದಲು ಗೊಣಗಿದೆ. ಆದರೆ 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಜೆಕೊಸ್ಲೊವಾಕಿಯಾಕ್ಕೆ ನುಗ್ಗಿದ ಮೇಲೆ, ಸಹೋದ್ಯೋಗಿಯ ಬಗ್ಗೆ ವರದಿ ಕೊಡುವುದೂ ಸಂಸಾರ ನಡೆಸುವ ಒಂದು ದಾರಿಯಾಗಿದ್ದ ದೇಶದಲ್ಲಿ, ತನಗೇ 1976ರವರೆಗೆ ಕೆಲವು ವರ್ಷ ಚಿತ್ರ ಮಾಡುವ ಅವಕಾಶ ಸಿಗದಿದ್ದ ಹೆಂಗಸೊಬ್ಬಳು ಇಂಥ ಮುಕ್ತಾಯವನ್ನು ಪಟ್ಟು ಹಿಡಿದು ತೆಗೆದಿದ್ದಾಳೆ ಎಂದ ಮೇಲೆ ಗೊಣಗಲು ಬಾಯಿ ಬರಲಿಲ್ಲ. ‘ಅಪ್ಪ’ನ ಪಾತ್ರ ಮಾಡಿದ ಮಿರೊಸ್ಲಾವ್ ಮಾಖಾಚೆಕ್ ಕೂಡ 1975ರಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದು ದಿನಚರಿ ಬರೆದವನು. ಅಷ್ಟು ಮೆತ್ತಗಿನ ದನಿಯಲ್ಲಿ ಹೆದರಿಸುವುದನ್ನು ಅವನು ಎಲ್ಲಿ ಕಲಿತನೋ.

“ನೀನಾಗಿದ್ದರೆ ಯಾರ ಹೆಸರು ಹೇಳುತ್ತಿದ್ದೆ?” ಎಂದು ಮಗಳು ನಗುತ್ತಾ ಕೇಳಿದಳು. ಮಲಗು, ಬೆಳಿಗ್ಗೆ ಕಾಲೇಜಿದೆ ಎಂದೆ. ಶಿಬಿರದ ಆ ಹುಡುಗಿ ಮರುದಿನ ಮೊದಲ ಬಸ್ಸಿಗೇ ಹೊರಟಳು. ಚೀಲ ಹೊತ್ತು ಕೆರೆ ಏರಿಯ ಮೇಲೆ ಒಬ್ಬಳೇ ನಡೆದು ಹೋಗುತ್ತಿದ್ದಾಗ, ನಾವೆಲ್ಲ ಜಗಲಿಯ ಮೇಲೆ ಉಪ್ಪಿಟ್ಟು ತಿನ್ನುತ್ತಿದ್ದೆವು.